ದೀಪ ಮಂಕಾಗಿದ್ದು ನಿಜ, ರಘು

ಪ್ರಿಯ ರಘು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. ‘ರಕ್ತವಿಲ್ಲ, ಭೂತವಿಲ್ಲ, ಎಂಬತ್ತು ವರ್ಷ ಹಳೆಯ ಕಪ್ಪುಬಿಳುಪು ಚಿತ್ರ. ಅದನ್ನು ನೋಡಿ ನಿದ್ದೆಗೆಡುವಂಥದ್ದು ಏನಿತ್ತೋ?’ ಎಂದೆಯಲ್ಲ. ಒಂದು ಬ್ರೋಚು (ಉಡುಪಿಗೆ ಚುಚ್ಚಿಕೊಳ್ಳುವ ಒಡವೆ), ಒಂದು ಗಡಿಯಾರ, ಗೋಡೆಗೆ ತೂಗುಹಾಕಿದ ಒಂದು ಪಟ. ಇಷ್ಟೇ ಇದ್ದದ್ದು.

ಚಿತ್ರದ ಹೆಸರು ‘ಗ್ಯಾಸ್‌ಲೈಟ್’. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ನಾಟಕವನ್ನು ಜಾರ್ಜ್ ಕ್ಯೂಕರ್ 1944ರಲ್ಲಿ ಹಾಲಿವುಡ್ಡಿನಲ್ಲಿ ತೆರೆಗೆ ತಂದ. ಅದಕ್ಕೂ ಮೊದಲು, 1940ರಲ್ಲಿ, ಬ್ರಿಟನ್ನಿನಲ್ಲಿ ಇದೇ ನಾಟಕ ಚಿತ್ರವಾಗಿತ್ತು. ಹಕ್ಕು ಕೊಂಡು ಹೊಸ ಚಿತ್ರ ಮಾಡಿದ ಎಂಜಿಎಂ ಕಂಪನಿ ಆ ಹಳೆಯ ಚಿತ್ರದ ಪ್ರತಿಗಳನ್ನೇ ಇಲ್ಲವಾಗಿಸಲು ನೋಡಿತಂತೆ. ಕಣ್ಣೆದುರು ಇದ್ದದ್ದನ್ನು ಇರಲೇ ಇಲ್ಲ ಎನ್ನಿಸುವ ಕಥೆಗೆ ತಕ್ಕ ನಡವಳಿಕೆ!

ಪೌಲಾಳ ಗಂಡ ಗ್ರೆಗರಿ ಅವಳ ಮೇಲೆ ಕೈ ಮಾಡುವವನಲ್ಲ. ತನ್ನ ತಾಯಿಯದೆಂದು ಹೇಳಿ ಒಂದು ಬ್ರೋಚು ಕೊಡುತ್ತಾನೆ, ‘ನೀನು ವಸ್ತು ಕಳೆದುಕೊಳ್ಳುವವಳು, ಜೋಪಾನ’ ಎಂದು ನಗುತ್ತಾ ಅವಳ ಚೀಲಕ್ಕೆ ಹಾಕುತ್ತಾನೆ. ಸಂಜೆಯ ಹೊತ್ತಿಗೆ ಚೀಲದಲ್ಲಿ ಅದಿಲ್ಲ. ಗೋಡೆಯ ಪಟ ಮಾಯವಾಗುತ್ತದೆ, ಹುಡುಕಿ ತರುವವಳೂ ಅವಳೇ ಆಗಬೇಕು. ಒಂದು ಸಂಗೀತ ಕಛೇರಿಯಲ್ಲಿ, ಪಿಯಾನೋ ನಡೆಯುತ್ತಿರುವಾಗಲೇ, ತನ್ನ ಗಡಿಯಾರ ಕಾಣಿಸುತ್ತಿಲ್ಲ ಎಂದು ಅವಳ ಕಿವಿಯಲ್ಲಿ ಹೇಳಿ ಅವಳ ಚೀಲದಿಂದಲೇ ಅದನ್ನು ಹೊರತೆಗೆಯುತ್ತಾನೆ. ತುಂಬಿದ ಸಭೆಯಲ್ಲಿ ಅವಳು ಬಿಕ್ಕುತ್ತಾಳೆ. ಇಂಗ್ರಿಡ್ ಬರ್ಗ್‌ಮನ್ನಳಿಗೆ ಆಸ್ಕರ್ ಬಂದದ್ದು ಈ ಪಾತ್ರಕ್ಕೆ. ಆ ಅಳುವಿನಲ್ಲಿ ನನಗೆ ಕಂಡದ್ದು ಅವಮಾನಕ್ಕಿಂತ ಹೆಚ್ಚಾಗಿ ನಂಬಿಕೆ: ‘ಹೌದು, ನಾನೇ ಕದ್ದಿರಬೇಕು’ ಎಂಬ ನಂಬಿಕೆ. ಆಮೇಲೆ ಬೀದಿಬಾಗಿಲಿಗೆ ಬೀಗ ಯಾಕೆ? ತಾನೇ ಹೊಸ್ತಿಲು ದಾಟುವುದಿಲ್ಲ.

ಇನ್ನು ದೀಪ. ನಮ್ಮೂರಲ್ಲಿ ಪಂಪ್‌ಸೆಟ್ ಚಾಲೂ ಮಾಡಿದ ಕೂಡಲೇ ನಡುಮನೆಯ ಬಲ್ಬು ಕೆಂಪಗಾಗುತ್ತಿತ್ತಲ್ಲ, ಅದೇ ಲೆಕ್ಕ. ಗಂಡ ರಾತ್ರಿ ಹೊರಗೆ ಹೋದಂತೆ ಮಾಡಿ, ಮಾಡು ಹತ್ತಿ ಅಟ್ಟಕ್ಕೆ ಇಳಿದು, ಅಲ್ಲಿ, ತಾನೇ ಹಿಂದೆ ಕೊಂದಿದ್ದ ಪೌಲಾಳ ಚಿಕ್ಕಮ್ಮನ ಒಡವೆ ಹುಡುಕಲು ದೀಪ ಹಚ್ಚಿದರೆ ಕೆಳಗಿನ ಕೋಣೆಯ ಗ್ಯಾಸ್ ದೀಪ ಕುಗ್ಗುತ್ತದೆ. ಅವಳು ನೋಡುತ್ತಾಳೆ. ಯಾರಿಗೆ ಹೇಳುವುದು? ಕೊನೆಗೆ ಸ್ಕಾಟ್‌ಲೆಂಡ್ ಯಾರ್ಡಿನ ಪೊಲೀಸ್ ಅಧಿಕಾರಿಯೊಬ್ಬ ಅದೇ ಕೋಣೆಯಲ್ಲಿ ನಿಂತು ತಾನೂ ನೋಡಿ, ಹೌದು, ದೀಪ ಮಂಕಾಯಿತು ಎನ್ನುತ್ತಾನೆ. ನಾನು ಅಲ್ಲಿ ಚಿತ್ರ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಆದರೆ ನಿದ್ದೆ ಕೆಡಿಸಿದ್ದು ಅದರ ನಂತರದ್ದು. ಮನೆಗೆಲಸದ ಎಲಿಜಬೆತ್ ಒಳ್ಳೆಯ ಹೆಂಗಸು. ಯಾರಾದರೂ ಬಂದಿದ್ದರೇ ಎಂದು ಯಜಮಾನ ಕೇಳಿದಾಗ, ಒಡತಿಯನ್ನು ಕಾಪಾಡಲೆಂದೇ, ಯಾರನ್ನೂ ನೋಡಲಿಲ್ಲ ಎಂದುಬಿಡುತ್ತಾಳೆ. ಪೌಲಾ ಕುಸಿಯುತ್ತಾಳೆ: ಹಾಗಾದರೆ ಅಧಿಕಾರಿ ಬಂದದ್ದೂ ನನ್ನ ಕನಸೇ? ಗಂಡನ ಮೋಸ ಇಷ್ಟು ದಿನ ಮಾಡಿದ್ದನ್ನು ಈ ಒಳ್ಳೆಯ ಸುಳ್ಳು ಒಂದೇ ಕ್ಷಣದಲ್ಲಿ ಮುಗಿಸುತ್ತದೆ.

ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2022ರಲ್ಲಿ ಈ ಕಥೆಯಿಂದಲೇ ಹುಟ್ಟಿದ ‘ಗ್ಯಾಸ್‌ಲೈಟಿಂಗ್’, ಅಂದರೆ ಒಬ್ಬರು ತಮ್ಮ ಕಣ್ಣು-ಬುದ್ಧಿಯನ್ನೇ ನಂಬದಂತೆ ಮಾಡುವುದು, ಎಂಬುದನ್ನೇ ವರ್ಷದ ಪದವೆಂದು ಆರಿಸಿದರು. ಈಗ ಪ್ರತಿ ಜಗಳಕ್ಕೂ ಅದೇ ಪದ. ನನಗೆ ಅದು ಸ್ವಲ್ಪ ಕಿರಿಕಿರಿ.

ಇಷ್ಟಾದರೂ, ಈ ಚಿತ್ರ ನಮ್ಮಂಥ ಗಂಡಸರನ್ನು ಸುಲಭವಾಗಿ ಬಿಟ್ಟುಬಿಡುತ್ತದೆ. ಗ್ರೆಗರಿ ಕೊಲೆಗಡುಕ, ಒಡವೆಕಳ್ಳ, ನಾವಲ್ಲವಲ್ಲ! ಅದಕ್ಕೇ ನನಗೆ ಪುಟ್ಟಣ್ಣನವರ ‘ಶರಪಂಜರ’ ಇದಕ್ಕಿಂತ ಭಯಂಕರ. ತ್ರಿವೇಣಿಯವರ ಕಾದಂಬರಿ, 1971ರ ಚಿತ್ರ, ಕಲ್ಪನಾರ ಕಾವೇರಿ. ಅಲ್ಲಿ ಯಾರೂ ಸಂಚು ಹೂಡಬೇಕಿಲ್ಲ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳು ನಕ್ಕರೂ ಹುಚ್ಚು, ರೇಗಿದರೂ ಹುಚ್ಚು. ಗಂಡನಿಗೆ ಬೇರೆ ಸಂಬಂಧವಿರುವುದು ಅವಳ ಭ್ರಮೆಯಲ್ಲ, ನಿಜ. ದೀಪ ಮಂಕಾಯಿತು ಎನ್ನಲು ಅವಳಿಗೆ ಯಾವ ಅಧಿಕಾರಿಯೂ ಬರುವುದಿಲ್ಲ.

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಕರೆಂಟ್ ಬಿಲ್ಲಿನ ರಸೀದಿ ಸಿಗಲಿಲ್ಲ. ‘ನಿನಗೆ ಈಚೆಗೆ ಮರೆವು ಜಾಸ್ತಿ’ ಎಂದು ಸುಮಾಳನ್ನು ಅಂದೆ. ಪಾಪ, ಅರ್ಧ ದಿನ ಮನೆಯೆಲ್ಲ ಹುಡುಕಿದಳು. ಸಂಜೆ ಅದು ನನ್ನ ಅಂಗಿಯ ಜೇಬಿನಲ್ಲಿಯೇ ಸಿಕ್ಕಿತು. ಸದ್ದಿಲ್ಲದೆ ಡ್ರಾಯರಿಗೆ ಹಾಕಿ, ‘ನೋಡು, ಇಲ್ಲೇ ಇದೆಯಲ್ಲ’ ಎಂದೆ. ಅವಳು ಡ್ರಾಯರನ್ನು ಒಮ್ಮೆ ನೋಡಿ, ‘ಇಲ್ಲಿ ಎರಡು ಸಲ ಹುಡುಕಿದ್ದೆನಲ್ಲ’ ಎಂದು ತನ್ನಷ್ಟಕ್ಕೇ ಹೇಳಿಕೊಂಡು ಒಳಗೆ ಹೋದಳು.

ಇನ್ನೂ ಹೇಳಿಲ್ಲ. ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುವ ಮೊದಲು ಅವಳಿಗೆ ಓದಿ ಹೇಳುತ್ತೇನೆ. ಭಾನುವಾರ ಫೋನ್ ಮಾಡು, ಏನೆಂದಳೆಂದು ತಿಳಿಸುತ್ತೇನೆ.

ನಿನ್ನ,
ಶ್ರೀಧರ