ಊರಿಲ್ಲದ ತಂಡಗಳ ನಾಲ್ಕು ಫೈನಲ್

ಸಂಘದ ಬಂಧುಗಳೇ,

ದುಬೈನ ಕರಾಮಾದಲ್ಲೋ ಸತ್ವಾದಲ್ಲೋ ಮನೆ ಮಾಡಿಕೊಂಡ ನಮ್ಮಲ್ಲಿ ಅನೇಕರಿಗೆ ಫಿಲಿಪ್ಪೀನ್ಸ್‌ನವರೇ ಪಕ್ಕದ ಮನೆಯವರು. ನಮ್ಮ ಮಕ್ಕಳಿಗೆ ಲಸಿಕೆ ಹಾಕುವ ನರ್ಸ್ ಅವರು, ಆಫೀಸಿನಲ್ಲಿ ಪಕ್ಕದ ಮೇಜಿನವರು ಅವರು. ನಮ್ಮ ಕ್ರಿಕೆಟ್ ಹುಚ್ಚು ಎಷ್ಟರದ್ದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಐಪಿಎಲ್ ತಿಂಗಳಲ್ಲಿ ನಮ್ಮ ಗಲಾಟೆಯನ್ನು ಅವರು ನಗುನಗುತ್ತಲೇ ಸಹಿಸಿಕೊಂಡಿದ್ದಾರೆ. ಅವರ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಬಗ್ಗೆ ನಾವು ತಿಳಿದುಕೊಂಡದ್ದು ಮಾತ್ರ ಬಹಳ ಕಡಿಮೆ. ಮನಿಲಾದ ಗಡಿಯಾರ ನಮ್ಮದಕ್ಕಿಂತ ನಾಲ್ಕು ಗಂಟೆ ಮುಂದೆ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮಧ್ಯಾಹ್ನ ಮೂರಕ್ಕೆ, ಕೆಲಸದ ನಡುವೆ ಬರುತ್ತದೆ. ಆ ಹೊತ್ತಿನಲ್ಲಿ ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಉಸಿರು ಬಿಗಿಹಿಡಿದ ಸಹೋದ್ಯೋಗಿಯನ್ನು ನೀವೂ ನೋಡಿರುತ್ತೀರಿ. ಆ ಫೋನಿನಲ್ಲಿ ಏನು ನಡೆಯುತ್ತಿರುತ್ತದೆ ಎಂದು ಹೇಳಬೇಕೆಂದೇ ಈ ಸಲದ ಸಂಪಾದಕೀಯ.

ಫಿಲಿಪ್ಪೀನ್ಸ್‌ನ ವೃತ್ತಿಪರ ಲೀಗ್‌ ಪಿಬಿಎ (ಫಿಲಿಪ್ಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್) ಶುರುವಾದದ್ದು 1975ರ ಏಪ್ರಿಲ್ 9ರಂದು. ಏಷ್ಯಾದಲ್ಲೇ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಅದು. ಮೊದಲ ಪಂದ್ಯಗಳು ನಡೆದದ್ದು ಕ್ವೆಜಾನ್ ಸಿಟಿಯ ಅರನೆಟಾ ಕೊಲಿಸಿಯಂನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಗುದ್ದಾಡಿದ ಅಂಗಣವೂ ಅದೇ. ಈ ಲೀಗ್‌ನ ತಂಡಗಳಿಗೆ ಊರಿಲ್ಲ, ತವರು ಮೈದಾನ ಎಂಬುದೂ ಇಲ್ಲ. ಹೆಸರಿನಲ್ಲಿರುವುದು ಕಂಪನಿ ಇಲ್ಲವೇ ಅದು ಮಾರುವ ಸರಕು. ಬಟ್ಟೆ ಕಂಪನಿಯ ಕ್ರಿಸ್ಪಾ, ಕಾರಿನ ಟೊಯೊಟಾ ತಂಡಗಳು ಮೊದಲ ದಶಕವನ್ನೇ ತಮ್ಮ ನಡುವೆ ಹಂಚಿಕೊಂಡಿದ್ದವು. ಈಗಲೂ ಬಿಯರ್, ಜಿನ್, ಮೊಬೈಲ್ ಸೇವೆ, ವಿದ್ಯುತ್ ಇವೇ ಪರಸ್ಪರ ಸೆಣಸುತ್ತವೆ.

ಕಂಪನಿ ತಂಡ ನಮಗೂ ಹೊಸತಲ್ಲ. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡವನ್ನು, ಎಚ್‌ಎಎಲ್ ಮತ್ತು ಐಟಿಐಗಳ ಫುಟ್‌ಬಾಲ್ ತಂಡಗಳನ್ನು ಕಂಡು ಬೆಳೆದವರು ನಮ್ಮ ಸಂಘದಲ್ಲಿದ್ದಾರೆ. ಆದರೆ ಆ ಪಂದ್ಯಗಳಿಗೆ ಬರುತ್ತಿದ್ದವರು ಆಟ ಬಲ್ಲ ಕೆಲವರು, ಜೊತೆಗೆ ಕಾಲೊನಿಯ ಜನ. ಮನಿಲಾದಲ್ಲಿ ಅಂಥದೇ ತಂಡಗಳಿಗಾಗಿ ಇಡೀ ದೇಶ ಎರಡು ಪಾಲಾಗಿ ನಿಲ್ಲುತ್ತದೆ. ಊರಿನ ಹೆಸರೇ ಇಲ್ಲದ ತಂಡದ ಮೇಲೆ ಇಷ್ಟು ಪ್ರೀತಿ ಹುಟ್ಟುವುದು ಎಲ್ಲಿಂದ? ಬಾರಂಗೇ ಜಿನೆಬ್ರಾ ಮತ್ತು ಮೆರಾಲ್ಕೊ ಬೋಲ್ಟ್ಸ್ ನಡುವೆ ಆರು ವರ್ಷಗಳ ಅವಧಿಯಲ್ಲಿ ನಡೆದ ನಾಲ್ಕು ಫೈನಲ್‌ಗಳನ್ನು ನೋಡಿದರೆ ಅದಕ್ಕೆ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ.

ಜಿನೆಬ್ರಾ ಎಂಬುದು ಜಿನ್ನಿನ ಹೆಸರು. ಆ ಹೆಸರನ್ನು ಬಡವರ, ಕೂಲಿಕಾರರ, ಜೀಪ್ನಿ ಎಂಬ ಬಾಡಿಗೆ ಜೀಪು ಓಡಿಸುವವರ ಬಾಯಲ್ಲಿ ನಿಲ್ಲಿಸಿದವರು ರಾಬರ್ಟ್ ಜಾವೊರ್ಸ್ಕಿ. ಟೊಯೊಟಾ ತಂಡ ಮುಚ್ಚಿದ ಮೇಲೆ ಅವರು ಇಲ್ಲಿಗೆ ಬಂದರು; ಆಟಗಾರರೂ ಆಗಿದ್ದು ಕೋಚ್ ಕೂಡ ಆದರು. 1985ರ ಒಂದು ಪಂದ್ಯದಲ್ಲಿ ಎದುರಾಳಿಯ ಮೊಣಕೈ ಬಡಿದು ಅವರ ತುಟಿ ಸೀಳಿತು. ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಅದೇ ಪಂದ್ಯಕ್ಕೆ ಮರಳಿ ಬಂದರು, ಹಿಂದೆ ಬಿದ್ದಿದ್ದ ತಂಡವನ್ನು ಗೆಲ್ಲಿಸಿದರು. ‘ನೆವರ್ ಸೇ ಡೈ’ ಎಂಬ ಘೋಷಣೆ ಆ ತಂಡಕ್ಕೆ ಅಂಟಿಕೊಂಡದ್ದು ಅಲ್ಲಿಂದ. ಮುಂದೆ 1998ರಲ್ಲಿ ಜನ ಅವರನ್ನು ಸೆನೆಟ್‌ಗೂ ಆರಿಸಿ ಕಳಿಸಿದರು. ಈ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಪಿಬಿಎ ಹುಟ್ಟುವ ಮುಂಚೆ, ಹಳೆಯ ಲೀಗ್‌ನಲ್ಲಿ ಇದೇ ಜಾವೊರ್ಸ್ಕಿ ಆಡುತ್ತಿದ್ದುದು ಮೆರಾಲ್ಕೊ ತಂಡಕ್ಕೆ. 1971ರಲ್ಲಿ ಕ್ರಿಸ್ಪಾ ಎದುರಿನ ಪಂದ್ಯದಲ್ಲಿ ರೆಫರಿಗಳ ಮೇಲೆ ಕೈಮಾಡಿ ನಿಷೇಧಕ್ಕೆ ಗುರಿಯಾದಾಗ ಅವರ ಮೈಮೇಲಿದ್ದುದು ಮೆರಾಲ್ಕೊ ಜೆರ್ಸಿಯೇ. ನಿಷೇಧ ಆಮೇಲೆ ತೆರವಾಯಿತು. ಜಿನೆಬ್ರಾದವರು ದೇವರೆಂದು ಕಾಣುವ ಆಟಗಾರ ಮೊದಲು ಎದುರಾಳಿಯ ಮನೆಯಲ್ಲಿ ಬೆಳೆದವರು.

ಮೆರಾಲ್ಕೊ ಎಂದರೆ ಮನಿಲಾಕ್ಕೆ ಕರೆಂಟ್ ಕೊಡುವ ಕಂಪನಿ. ತಿಂಗಳು ತಿಂಗಳು ಬಿಲ್ ಕಳಿಸುವ ಕಂಪನಿಯ ತಂಡವನ್ನು ಜನ ಹಚ್ಚಿಕೊಳ್ಳುವುದು ಸುಲಭವಲ್ಲ. ಹಳೆಯ ತಂಡ ಎಪ್ಪತ್ತರ ದಶಕದ ಆರಂಭದಲ್ಲೇ ಇಲ್ಲವಾಗಿತ್ತು. 2010ರಲ್ಲಿ ಬೇರೊಂದು ತಂಡದ ಹಕ್ಕು ಕೊಂಡು ಮೆರಾಲ್ಕೊ ಪಿಬಿಎಗೆ ಬಂತು. ಆ ಹೊತ್ತಿಗೆ ಅದರ ಕೈಯಲ್ಲಿ ಪಿಬಿಎ ಕಪ್ಪೂ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಮೇಲಿನ ಹಂತದಲ್ಲಿ ಇದು ಎರಡು ದೊಡ್ಡ ಉದ್ಯಮಗಳ ಪೈಪೋಟಿಯೂ ಹೌದು: ಜಿನೆಬ್ರಾ ಸ್ಯಾನ್ ಮಿಗೆಲ್ ಸಮೂಹದ್ದು, ಮೆರಾಲ್ಕೊ ಮ್ಯಾನಿ ಪಂಗಿಲಿನಾನ್ ಅವರ ಬಳಗದ್ದು. ಸ್ಟ್ಯಾಂಡಿನಲ್ಲಿ ಕೂತ ಜನರಿಗೆ ಅದರ ಗೊಡವೆಯಿಲ್ಲ.

ಪಿಬಿಎ ಋತುವಿನ ಟೂರ್ನಿಗಳಲ್ಲಿ ಗವರ್ನರ್ಸ್ ಕಪ್ ಒಂದು. ಫೈನಲ್ ಎಂದರೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. 2016ರ ಗವರ್ನರ್ಸ್ ಕಪ್ ಫೈನಲ್‌ಗೆ ಬರುವಾಗ ಜಿನೆಬ್ರಾ ಯಾವುದೇ ಕಪ್ ಗೆದ್ದು ಎಂಟು ವರ್ಷವಾಗಿತ್ತು. ಗವರ್ನರ್ಸ್ ಕಪ್‌ನಲ್ಲಿ ತಂಡಗಳು ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದು. ಅವರನ್ನು ‘ಇಂಪೋರ್ಟ್’ ಎಂದೇ ಕರೆಯುತ್ತಾರೆ. ಆಗ ಅವರ ಎತ್ತರ ಆರು ಅಡಿ ಐದು ಅಂಗುಲ ಮೀರುವಂತಿರಲಿಲ್ಲ. ಜಿನೆಬ್ರಾ ಕರೆತಂದಿದ್ದ ಪಾಲ್ ಹ್ಯಾರಿಸ್ ಟೂರ್ನಿಯ ಮೊದಲ ಪಂದ್ಯದಲ್ಲೇ ಕೈಗೆ ಪೆಟ್ಟು ಮಾಡಿಕೊಂಡರು. ಅವರ ಬದಲಿಗೆ ಬಂದ ಅಮೆರಿಕದ ಜಸ್ಟಿನ್ ಬ್ರೌನ್‌ಲಿ ಅಲ್ಲಿ ಯಾರಿಗೂ ಪರಿಚಯವಿರಲಿಲ್ಲ. ಮೆರಾಲ್ಕೊದ ಅಲೆನ್ ಡರ್ಹಮ್ ಆ ಟೂರ್ನಿಯ ಶ್ರೇಷ್ಠ ಇಂಪೋರ್ಟ್ ಆಗಿ ಆಯ್ಕೆಯಾದರು. ಫೈನಲ್‌ನ ಮೊದಲ ಮೂರು ಪಂದ್ಯಗಳಲ್ಲಿ ಎರಡನ್ನು ಮೆರಾಲ್ಕೊ ಗೆದ್ದಿತು, ಮುಂದಿನ ಎರಡನ್ನು ಜಿನೆಬ್ರಾ. ಅಕ್ಟೋಬರ್ 19ರಂದು ಅರನೆಟಾದಲ್ಲಿ ಆರನೇ ಪಂದ್ಯ. 88–88ರ ಸಮ, ಕೊನೆಯ ಕ್ಷಣಗಳು, ಚೆಂಡು ಬ್ರೌನ್‌ಲಿ ಕೈಯಲ್ಲಿ. ಮೂರು ಅಂಕ ತರುವ ಗೆರೆಯ ಹೊರಗಿನಿಂದ ಅವರು ಎಸೆದ ಚೆಂಡು ಬಜರ್ ಮೊಳಗುತ್ತಿದ್ದಂತೆ ಬುಟ್ಟಿಯೊಳಗೆ ಇಳಿಯಿತು. 91–88. ಆ ವಿಡಿಯೊ ಇನ್ನೂ ನೋಡಿರದಿದ್ದರೆ ಪಕ್ಕದ ಮನೆಯ ಫಿಲಿಪಿನೊ ಒಬ್ಬರನ್ನು ಕೇಳಿ. ಅವರ ಫೋನಿನಲ್ಲಿ ಇದ್ದೇ ಇರುತ್ತದೆ.

ಮರುವರ್ಷವೂ ಅದೇ ಕಪ್, ಅದೇ ಎರಡು ತಂಡ. ಜಿನೆಬ್ರಾ ಮೊದಲೆರಡು ಪಂದ್ಯ ಗೆದ್ದಿತು; ಮೆರಾಲ್ಕೊ ಮುಂದಿನೆರಡನ್ನು ಗೆದ್ದು ಸಮ ಮಾಡಿತು. ಜಿನೆಬ್ರಾ ಮತ್ತೆ ಒಂದು, ಮೆರಾಲ್ಕೊ ಮತ್ತೆ ಒಂದು. ಏಳನೇ ಪಂದ್ಯ ಮನಿಲಾದ ಉತ್ತರಕ್ಕಿರುವ ಬೊಕಾವೆಯ ಫಿಲಿಪ್ಪೀನ್ ಅರೀನಾದಲ್ಲಿ, 2017ರ ಅಕ್ಟೋಬರ್ 27ರಂದು. ಅದು ಶುಕ್ರವಾರ, ಆಗ ಇಲ್ಲಿ ನಮಗೆ ವಾರದ ರಜೆ. ಅಂದು ಸೇರಿದವರು 54,086 ಜನ, ಪಿಬಿಎ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಸಂಖ್ಯೆ. ಒಳಾಂಗಣ ಆಟವೊಂದಕ್ಕೆ ಅಷ್ಟು ಜನ! ಜಿನೆಬ್ರಾ 101–96ರಿಂದ ಗೆದ್ದಿತು. ಎರಡೂ ವರ್ಷ ಫೈನಲ್‌ನ ಶ್ರೇಷ್ಠ ಆಟಗಾರ ಜಿನೆಬ್ರಾದ ಗಾರ್ಡ್ ಎಲ್.ಎ. ಟೆನೋರಿಯೊ.

ಅಂಕಣದ ಹೊರಗೆ ಕೂತ ಇಬ್ಬರ ಬಗ್ಗೆಯೂ ಎರಡು ಮಾತು ಹೇಳಬೇಕು. ಆ ಫೈನಲ್‌ಗಳಲ್ಲಿ ಜಿನೆಬ್ರಾದ ಕೋಚ್ ಆಗಿದ್ದವರು ಟಿಮ್ ಕೋನ್, ಮೆರಾಲ್ಕೊದ ಕೋಚ್ ಆಗಿದ್ದವರು ನಾರ್ಮನ್ ಬ್ಲ್ಯಾಕ್. ಇಬ್ಬರೂ ಅಮೆರಿಕದಲ್ಲಿ ಹುಟ್ಟಿ ಫಿಲಿಪ್ಪೀನ್ಸನ್ನು ತಮ್ಮದಾಗಿಸಿಕೊಂಡವರು. ಒಂದೇ ಋತುವಿನ ಮೂರೂ ಕಪ್ ಗೆಲ್ಲುವುದನ್ನು ಅಲ್ಲಿ ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ. ಬ್ಲ್ಯಾಕ್ ಅದನ್ನು 1989ರಲ್ಲಿ ಸ್ಯಾನ್ ಮಿಗೆಲ್ ತಂಡಕ್ಕೆ ಗೆದ್ದುಕೊಟ್ಟರೆ, ಕೋನ್ 1996 ಮತ್ತು 2014ರಲ್ಲಿ ಎರಡು ಸಲ ಸಾಧಿಸಿದರು. ಪರದೇಶದಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರಿಗೆ ಈ ಇಬ್ಬರ ಮೇಲೆ ವಿಶೇಷ ಗೌರವ ಮೂಡುವುದು ಸಹಜ.

ಮೂರನೇ ಫೈನಲ್ 2020ರ ಜನವರಿಯಲ್ಲಿ ಮುಗಿಯಿತು. ಮೆರಾಲ್ಕೊದ ಎತ್ತರದ ಆಟಗಾರ ರೇಮಂಡ್ ಅಲ್ಮಜಾನ್ ಸರಣಿಯ ನಡುವೆ ಮೊಣಕಾಲಿಗೆ ಗಾಯ ಮಾಡಿಕೊಂಡರು. ಜಿನೆಬ್ರಾ 4–1ರಿಂದ ಗೆದ್ದಿತು. ಆ ಟೂರ್ನಿಯಲ್ಲೂ ಶ್ರೇಷ್ಠ ಇಂಪೋರ್ಟ್ ಡರ್ಹಮ್ ಅವರೇ. ಮೂರು ಫೈನಲ್, ಮೂರು ಸಲವೂ ಪ್ರಶಸ್ತಿ ಅವರಿಗೆ, ಮೂರು ಸಲವೂ ಕಪ್ ಬ್ರೌನ್‌ಲಿಗೆ. ಆಟದ ಚರಿತ್ರೆ ಬರೆಯುವವರು ಇಂಥವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಡರ್ಹಮ್ ಅಷ್ಟು ಚೆನ್ನಾಗಿ ಆಡದೆ ಹೋಗಿದ್ದರೆ ಬ್ರೌನ್‌ಲಿಯ ಆ ಕೊನೆಯ ಎಸೆತಕ್ಕೆ ಅಷ್ಟು ತೂಕವೇ ಬರುತ್ತಿರಲಿಲ್ಲ.

ಕೋವಿಡ್ ಕಳೆದ ಮೇಲೆ, 2022ರ ಏಪ್ರಿಲ್‌ನಲ್ಲಿ, ನಾಲ್ಕನೆಯ ಸಲ. ಡರ್ಹಮ್ ಜಾಗದಲ್ಲಿ ಟೋನಿ ಬಿಷಪ್. ಮತ್ತೆ ಮೆರಾಲ್ಕೊ 2–1ರ ಮುನ್ನಡೆ ಪಡೆಯಿತು, ಮತ್ತೆ ಜಿನೆಬ್ರಾ ಸಾಲಾಗಿ ಮೂರು ಗೆದ್ದಿತು. ಏಪ್ರಿಲ್ 22ರ ಆರನೇ ಪಂದ್ಯ 103–92. ಇಲ್ಲಿ ಆಗ ರಂಜಾನ್ ಉಪವಾಸದ ತಿಂಗಳು.

ನಾಲ್ಕು ಫೈನಲ್, ನಾಲ್ಕು ಸೋಲು, ಎಲ್ಲವೂ ಒಂದೇ ಎದುರಾಳಿಗೆ. ಆರ್‌ಸಿಬಿಯ ಜೊತೆ 2009, 2011, 2016ರ ಮೂರು ಫೈನಲ್ ಸೋತ ನಮಗೆ ಇದರ ನೋವು ಯಾರೂ ವಿವರಿಸಬೇಕಿಲ್ಲ. ವ್ಯತ್ಯಾಸವೂ ಇದೆ. ಆರ್‌ಸಿಬಿ ಹೆಸರಲ್ಲಿ ಬೆಂಗಳೂರು ಇದೆ. ಸೋತರೂ ಗೆದ್ದರೂ ಅದು ನಮ್ಮದು. ಮೆರಾಲ್ಕೊಗೆ ಆ ಆಸರೆ ಇರಲಿಲ್ಲ. ಊರು ಕೊಡದ ಪ್ರೀತಿಯನ್ನು ಅದು ತಿರುತಿರುಗಿ ಫೈನಲ್‌ಗೆ ಬಂದು ಸಂಪಾದಿಸಬೇಕಾಯಿತು. ಜಿನೆಬ್ರಾ ಅದನ್ನು ಜಾವೊರ್ಸ್ಕಿಯ ಹೊಲಿಗೆ ಹಾಕಿದ ತುಟಿಯಿಂದ ಪಡೆದಿತ್ತು. ಎರಡೂ ತಂಡಗಳನ್ನು ಕಂಪನಿಗಳು ಕಟ್ಟಿದವು ನಿಜ. ಅವು ಜನರ ತಂಡಗಳಾದದ್ದು ಆಟಗಾರರು ಪಟ್ಟ ಪಾಡಿನಿಂದ. ಯಾವ ಮೈದಾನಕ್ಕೂ ಅಂಟಿಕೊಳ್ಳದ ಈ ಪ್ರೀತಿಯನ್ನು ದೇಶ ಬಿಟ್ಟು ಬರುವವರು ಪೂರ್ತಿಯಾಗಿ ಜೊತೆಗೆ ತರಬಹುದು. ಸತ್ವಾದ ಫ್ಲ್ಯಾಟಿನಲ್ಲಿ ಕೂತು ನೋಡುವವರೂ ಮನಿಲಾದವರಷ್ಟೇ ಜಿನೆಬ್ರಾದವರು.

2023ರಲ್ಲಿ ಈ ಕಥೆಗೆ ನಾನು ಬಹಳ ಮೆಚ್ಚುವ ತಿರುವು ಬಂತು. ಆ ವರ್ಷದ ಜನವರಿಯಲ್ಲಿ ಬ್ರೌನ್‌ಲಿಗೆ ವಿಶೇಷ ಕಾನೂನಿನ ಮೂಲಕ ಫಿಲಿಪ್ಪೀನ್ಸ್ ಪೌರತ್ವ ಸಿಕ್ಕಿತು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ದೇಶದ ತಂಡಕ್ಕೆ ಕೋನ್ ಕೋಚ್. ಬ್ರೌನ್‌ಲಿ, ಸ್ಕಾಟಿ ಥಾಂಪ್ಸನ್, ಜೆಫೆತ್ ಅಗಿಲಾರ್ ಜಿನೆಬ್ರಾದವರು. ಅವರ ಪಕ್ಕದಲ್ಲೇ ಮೆರಾಲ್ಕೊದ ಕ್ರಿಸ್ ನ್ಯೂಸಮ್. ಸೆಮಿಫೈನಲ್‌ನಲ್ಲಿ ಚೀನಾದ ನೆಲದಲ್ಲೇ ಚೀನಾಕ್ಕಿಂತ ಇಪ್ಪತ್ತು ಅಂಕ ಹಿಂದೆ ಬಿದ್ದು, ಕೊನೆಯ ನಿಮಿಷದಲ್ಲಿ ಬ್ರೌನ್‌ಲಿ ಹೊಡೆದ ಎರಡು ತ್ರೀ ಪಾಯಿಂಟರ್‌ಗಳಿಂದ 77–76ರಲ್ಲಿ ಗೆದ್ದರು. ಫೈನಲ್‌ನಲ್ಲಿ ಜೋರ್ಡಾನ್ ಎದುರು 70–60. 1962ರ ನಂತರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರಿಗೆ ಬಂದ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಅದು.

ನ್ಯೂಸಮ್ 2015ರಿಂದ ಮೆರಾಲ್ಕೊದಲ್ಲಿ ಇದ್ದವರು. ನಾಲ್ಕೂ ಫೈನಲ್‌ಗಳ ಸೋಲನ್ನು ಅಂಕಣದಲ್ಲಿ ನಿಂತು ಕಂಡವರು. 2024ರ ಫಿಲಿಪ್ಪೀನ್ ಕಪ್‌ನಲ್ಲಿ, ಅಂದರೆ ಇಂಪೋರ್ಟ್‌ಗಳಿಲ್ಲದ ಟೂರ್ನಿಯಲ್ಲಿ, ಮೆರಾಲ್ಕೊ ಮೊದಲು ಸೆಮಿಫೈನಲ್‌ನಲ್ಲಿ ಜಿನೆಬ್ರಾವನ್ನೇ ಏಳು ಪಂದ್ಯಗಳ ಸರಣಿಯಲ್ಲಿ ಹಿಂದಿಕ್ಕಿತು. ಫೈನಲ್ ಸ್ಯಾನ್ ಮಿಗೆಲ್ ಎದುರು. ಜೂನ್ 16, ಆರನೇ ಪಂದ್ಯ, ಅದೇ ಅರನೆಟಾ. ಸ್ಯಾನ್ ಮಿಗೆಲ್‌ನ ಆಟಗಾರ ಜೂನ್ ಮಾರ್ ಫಹಾರ್ಡೊ ಅಪರೂಪದ ಒಂದು ತ್ರೀ ಪಾಯಿಂಟರ್ ಹೊಡೆದು 78–78 ಮಾಡಿದಾಗ ಉಳಿದಿದ್ದುದು ಮೂರು ಸೆಕೆಂಡು ಚಿಲ್ಲರೆ. ಮೆರಾಲ್ಕೊ ಚೆಂಡನ್ನು ನ್ಯೂಸಮ್ ಕೈಗೆ ಕೊಟ್ಟಿತು. ಅವರು ಒಂದು ಪಕ್ಕಕ್ಕೆ ವಾಲಿ ಜಿಗಿದು ಎಸೆದರು. 80–78, ಗಡಿಯಾರದಲ್ಲಿ 1.3 ಸೆಕೆಂಡು. ಪಿಬಿಎಯಲ್ಲಿ ಮೆರಾಲ್ಕೊದ ಮೊದಲ ಕಪ್. ಫೈನಲ್‌ನ ಶ್ರೇಷ್ಠ ಆಟಗಾರ ನ್ಯೂಸಮ್.

ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೋ, ಮೈಸೂರು, ಮಂಡ್ಯದ ಕೋರ್ಟ್‌ಗಳಲ್ಲೋ, ಬ್ಯಾಂಕು ಕಾರ್ಖಾನೆಗಳ ತಂಡಗಳಲ್ಲೋ ಬ್ಯಾಸ್ಕೆಟ್‌ಬಾಲ್ ಆಡಿದವರು ನಮ್ಮ ಸದಸ್ಯರಲ್ಲಿ ಇದ್ದರೆ ದಯವಿಟ್ಟು ಸಂಪಾದಕ ಮಂಡಳಿಗೆ ಬರೆದು ಕಳಿಸಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಆ ಜೆರ್ಸಿಯ ಪಂದ್ಯಗಳನ್ನು ನೆನಪಿನಿಂದ ಬರೆಯಬಲ್ಲವರು ಈಗಲೇ ಬರೆಯಬೇಕು. ಗೆದ್ದ ಪಂದ್ಯಗಳ ಜೊತೆ ಸೋತವನ್ನೂ ಬರೆಯಿರಿ. ಎದುರು ಆಡಿದವರು ಯಾರು, ಹೇಗೆ ಆಡಿದರು ಎಂಬುದನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ನಾಲ್ಕು ಪುಟ ತೆಗೆದಿರಿಸಿದ್ದೇವೆ.

— ಸಂಪಾದಕ