ಪುಟ್ಟಿಯ ರಗ್ಬಿ ವಿಷಯ, ಅಕ್ಕನಿಗೆ

ದುಬೈ, ಡಿಸೆಂಬರ್

ಅಕ್ಕಾ,

ನೀನು ಕಳಿಸಿದ ವಾಯ್ಸ್ ಮೆಸೇಜ್ ಎಲ್ಲ ಕೇಳಿದೆ, ಹಿಂದಿನಿಂದ ಭಾವ ಜೋರು ಮಾಡಿದ್ದೂ ಕೇಳಿಸಿತು. ಫೋನ್ ಮಾಡಿದ್ರೆ ಎಲ್ಲರೂ ಒಟ್ಟಿಗೆ ಮಾತಾಡಿ ಎಂತದೂ ತೀರ್ಮಾನ ಆಗುದಿಲ್ಲ, ಅದಕ್ಕೆ ಶುಕ್ರವಾರ ರಾತ್ರಿ ಕೂತು ಉದ್ದಕ್ಕೆ ಬರೀತಾ ಇದ್ದೇನೆ. ಭಾವನಿಗೆ ಓದಿ ಹೇಳು, ಪುತ್ತೂರಿಗೆ ಅಣ್ಣನಿಗೂ ಕಳಿಸು, ಯಾಕಂದ್ರೆ ಪುಟ್ಟಿ ಕಬಡ್ಡಿ ಬಿಡುದು ಬೇಡ, ಮಂಗಳೂರು ಕಾಲೇಜಿಗೆ ಸೇರಿ ಕರ್ನಾಟಕಕ್ಕೇ ಆಡ್ಲಿ ಅಂತ ಹಟ ಹಿಡಿದದ್ದು ಅವನಲ್ವಾ.

ಕೇರಳದವರು ಸೆಲೆಕ್ಟ್ ಮಾಡಿದ ತಿರುವನಂತಪುರದ ರಗ್ಬಿ ಕ್ಯಾಂಪಿಗೆ ಅವಳನ್ನು ಕಳಿಸಿ ಅಂತ ಹೇಳ್ಲಿಕ್ಕೇ ನಾನು ಬರೆಯುದು, ಆದ್ರೆ ಸುಮ್ಮನೆ ಕಳಿಸಿ ಅಂದ್ರೆ ಭಾವ ಒಪ್ಪುದಿಲ್ಲ ಅಂತ ಗೊತ್ತುಂಟು, ಆದ್ದರಿಂದ ನಾನು ಇಲ್ಲಿ ಕಣ್ಣಾರೆ ನೋಡಿದ್ದು, ಓದಿ ತಿಳ್ಕೊಂಡದ್ದು ಎಲ್ಲ ಹೇಳ್ತೇನೆ.

ಇಲ್ಲಿ ಅಲ್ ಐನ್ ರೋಡಲ್ಲಿ ಸೆವೆನ್ಸ್ ಅಂತಲೇ ಹೆಸರಿನ ಸ್ಟೇಡಿಯಂ ಉಂಟು. ಸೆವೆನ್ಸ್ ಅಂದ್ರೆ ಏಳು ಜನರ ರಗ್ಬಿ, ಅದರ ಟೂರ್ನಮೆಂಟ್ ದುಬೈ ಸೆವೆನ್ಸ್ ಶುರುವಾದ್ದು 1970ರಲ್ಲಿ, ಆಗ ಮರಳಿನ ಗ್ರೌಂಡಲ್ಲೇ ಆಡ್ತಿದ್ರಂತೆ. ಈ ಸಲವೂ ರೂಮಿನವರ ಒಟ್ಟಿಗೆ ಹೋಗಿದ್ದೆ. ಒಂದು ಟೀಮಲ್ಲಿ ಏಳೇ ಜನ, ಗ್ರೌಂಡ್ ಮಾತ್ರ ಹದಿನೈದು ಜನ ಆಡುವಷ್ಟೇ ದೊಡ್ಡದು, ಏಳು ಏಳು ನಿಮಿಷದ ಎರಡು ಹಾಫ್, ನಡುವೆ ಎರಡು ನಿಮಿಷ ರೆಸ್ಟ್, ಅಷ್ಟೇ ಮ್ಯಾಚ್. ಕಮ್ಮಿ ಅಂತ ಕಾಣ್ತದೆ, ಆದ್ರೆ ಎರಡು ದಿನದೊಳಗೆ ಐದಾರು ಮ್ಯಾಚ್ ಆಡ್ಬೇಕು, ಒಂದು ಮುಗಿಸಿ ಬಂದವರು ಬೆವರು ಒಣಗುವ ಮೊದಲೇ ಐಸ್ ನೀರಲ್ಲಿ ಕೂತ್ಕೊಂಡು ಮುಂದಿನದ್ದಕ್ಕೆ ರೆಡಿ ಆಗ್ತಾರೆ. ನಾನು ವಾರ್ಮ್ ಅಪ್ ಮಾಡುವ ಕಡೆ ಬೇಲಿ ಹತ್ರ ನಿಂತು ನೋಡಿದೆ ಅಕ್ಕ, ಹುಡುಗಿಯರು ತೊಡೆಗೆ ಮುಂದೆ ಹಿಂದೆ ದಪ್ಪಕ್ಕೆ ಟೇಪ್ ಸುತ್ತಿ ಒಂದು ಹಿಡಿ ಮಾಡ್ಕೊಳ್ತಾರೆ, ಕಿಕ್ ಆಫ್ ಬಾಲ್ ಮೇಲಿಂದ ಬರುವಾಗ ಇಬ್ಬರು ಸೇರಿ ಆ ಟೇಪಿನ ಗಂಟು ಹಿಡಿದು ಒಬ್ಬಳನ್ನು ಮೇಲಕ್ಕೆ ಎತ್ತುದು, ಅವಳು ಗಾಳಿಯಲ್ಲೇ ಬಾಲ್ ಹಿಡೀಬೇಕು. ಸೆವೆನ್ಸಲ್ಲಿ ಸ್ಕೋರ್ ಮಾಡಿದ ಟೀಮೇ ಮತ್ತೆ ಕಿಕ್ ಮಾಡುದು, ಹಾಗಾಗಿ ಆ ಒಂದು ಕ್ಯಾಚ್ ತಪ್ಪಿದ್ರೆ ಪುನಃ ಇನ್ನೊಂದು ಟ್ರೈ, ಅಂದ್ರೆ ಬಾಲನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿ ತೆಗೆಯುವ ಸ್ಕೋರ್, ಬಿಟ್ಟುಕೊಟ್ಟ ಹಾಗೆ. ಹಳದಿ ಕಾರ್ಡ್ ಸಿಕ್ಕಿದ್ರೆ ಎರಡು ನಿಮಿಷ ಹೊರಗೆ, ಹದಿನಾಲ್ಕು ನಿಮಿಷದ ಆಟದಲ್ಲಿ ಎರಡು ನಿಮಿಷ ಅಂದ್ರೆ ಎಷ್ಟಾಯ್ತು ನೋಡು. 2016ರ ರಿಯೋ ಒಲಿಂಪಿಕ್ಸ್ ಫೈನಲಲ್ಲಿ ನ್ಯೂಜಿಲೆಂಡಿನವರಿಗೆ ಹಾಗೇ ಆದ್ದು, ಅವರ ಪೋರ್ಷಿಯಾ ವುಡ್‌ಮನ್ ಹೊರಗೆ ಹೋದಾಗ ಆಸ್ಟ್ರೇಲಿಯಾದವರು ಟ್ರೈ ಹೊಡೆದ್ರು, ಕೊನೆಗೆ ನ್ಯೂಜಿಲೆಂಡಿನವರು 24-17 ಅಂತ ಸೋತ್ರು.

ಅದೇ ಟೀಮಿನ ಸಾರಾ ಹಿರಿನಿಯ ಕತೆ ಪುಟ್ಟಿ ಓದ್ಲೇಬೇಕು, ನಾನು ಲಿಂಕ್ ಕಳಿಸ್ತೇನೆ. ಒಲಿಂಪಿಕ್ಸಿಗೆ ಸೆವೆನ್ಸ್ ಸೇರಿಸುದು ಅಂತ 2009ರಲ್ಲಿ ತೀರ್ಮಾನ ಆದ ಮೇಲೆ ನ್ಯೂಜಿಲೆಂಡಿನವರು 2012ರಲ್ಲಿ ಊರೂರಿಗೆ ಹೋಗಿ ಟ್ರಯಲ್ಸ್ ಮಾಡಿದ್ರು, ಬೇರೆ ಆಟ ಆಡುವ ಹುಡುಗಿಯರೂ ಬನ್ನಿ, ರಗ್ಬಿ ಗೊತ್ತಿಲ್ಲದಿದ್ರೂ ಅಡ್ಡಿಯಿಲ್ಲ ಅಂತ. ವುಡ್‌ಮನ್ ಅಲ್ಲಿಯವರೆಗೆ ನೆಟ್‌ಬಾಲ್ ಆಡ್ತಿದ್ದವಳು. ಸಾರಾ ಕೂಡ ಆ ಟ್ರಯಲ್ಸಿನಿಂದಲೇ ಬಂದದ್ದು, ಆಡ್ತಾ ಆಡ್ತಾ ಮಾಸೆ ಯೂನಿವರ್ಸಿಟಿಯಲ್ಲಿ ಮಾವೋರಿ ಸ್ಟಡೀಸ್ (ಅಲ್ಲಿಯ ಮೂಲನಿವಾಸಿಗಳ ವಿಷಯ) ಡಿಗ್ರಿಯನ್ನೂ ಮುಗಿಸಿದ್ಲು. ರಿಯೋದಲ್ಲಿ ಸೋತ ಟೀಮಿನ ಕ್ಯಾಪ್ಟನ್ ಅವಳೇ, ಟೋಕಿಯೋದಲ್ಲಿ ಫ್ರಾನ್ಸನ್ನು 26-12 ಸೋಲಿಸಿ ಚಿನ್ನ ತೆಗೆದಾಗಲೂ ಕ್ಯಾಪ್ಟನ್ ಅವಳೇ.

ಇನ್ನು ಭಾವನ ದೊಡ್ಡ ಭಯ, ಕಾಲು ಮುರೀತದೆ, ಮತ್ತೆ ಮದುವೆ ಗಿದುವೆ ಅಂತ. ಭಾವ, ನಿಮ್ಮ ಭಯ ಸುಳ್ಳು ಅಂತ ನಾನು ಹೇಳುದಿಲ್ಲ. ಸಾರಾ ಹಿರಿನಿಯ ಮೊಣಕಾಲಿನ ಲಿಗಮೆಂಟ್ ಹರಿದದ್ದು ಇಲ್ಲಿ ದುಬೈಯಲ್ಲೇ, 2023ರ ಡಿಸೆಂಬರಲ್ಲಿ. ಎಲ್ಲರೂ ಅವಳ ಕತೆ ಮುಗೀತು ಅಂದ್ಕೊಂಡಿದ್ರು, ಆಪರೇಶನ್ ಆಗಿ ಎಂಟು ತಿಂಗಳೊಳಗೆ ಪ್ಯಾರಿಸಲ್ಲಿ ಆಡಿದ್ಲು, ಕೆನಡಾವನ್ನು 19-12 ಸೋಲಿಸಿ ಇನ್ನೊಂದು ಚಿನ್ನ. ಆದ್ರೆ ಅವಳ ಹಿಂದೆ ಡಾಕ್ಟರು, ಫಿಸಿಯೋ, ತಿಂಗಳ ಸಂಬಳ ಎಲ್ಲ ಇತ್ತು, ನಮ್ಮ ಪುಟ್ಟಿಗೆ ಅದೆಲ್ಲ ಇಲ್ಲ, ಪೆಟ್ಟಾದ್ರೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡ್ಬೇಕು. ಅದಕ್ಕೆ ಇನ್ಶೂರೆನ್ಸ್ ಮಾಡದೆ ಒಂದು ಮ್ಯಾಚೂ ಆಡ್ಬಾರ್ದು, ಆ ದುಡ್ಡು ನಾನು ಕೊಡ್ತೇನೆ. ಹಲ್ಲಿಗೆ ಮೌತ್ ಗಾರ್ಡ್ ಬೇಕೇ ಬೇಕು, ಬಿಸಿನೀರಲ್ಲಿ ಹಾಕಿ ಕಚ್ಚಿ ಅಳತೆ ಮಾಡ್ಕೊಳ್ಳುವಂತದ್ದು ಇಲ್ಲಿ ಒಳ್ಳೇದು ಸಿಗ್ತದೆ. ತಲೆಗೆ ಪೆಟ್ಟು ಬಿದ್ರೆ ಅವತ್ತು ಕೋಚ್ ಎಂತ ಹೇಳಿದ್ರೂ ಪುನಃ ಗ್ರೌಂಡಿಗೆ ಇಳೀಬಾರ್ದು, ಇದನ್ನು ಪುಟ್ಟಿಗೆ ನೀನೇ ಗಟ್ಟಿ ಹೇಳ್ಬೇಕು ಅಕ್ಕ, ಅವಳಿಗೆ ಉಮೇದು ಜಾಸ್ತಿ. ಭುಜದಿಂದ ಮೇಲೆ ಟ್ಯಾಕಲ್ ಮಾಡಿದ್ರೆ ಫೌಲ್, ಸೊಂಟಕ್ಕೆ, ತೊಡೆಗೆ ಹೋಗಿ ಹಿಡೀಬೇಕು. ಕಬಡ್ಡಿಯಲ್ಲಿ ಅವಳು ರೈಡರನ್ನು ಸೊಂಟಕ್ಕೆ ಹಿಡಿದು ಕೂರಿಸುದನ್ನು ನೀನೇ ವಿಡಿಯೋ ಕಳಿಸಿದ್ದಿ, ಆ ಹಿಡಿತ ಕಲಿಸಿ ಬರುವಂತದ್ದಲ್ಲ. ಅಣ್ಣನಿಗೆ ಇದನ್ನೇ ಹೇಳು, ಕಬಡ್ಡಿ ಕಲಿತದ್ದು ವೇಸ್ಟ್ ಆಗುದಿಲ್ಲ.

ಸಂಪಾದನೆ ವಿಷಯ ನೇರ ಹೇಳ್ತೇನೆ, ನಮ್ಮಲ್ಲಿ ಹುಡುಗಿಯರಿಗೆ ಇದರಲ್ಲಿ ಈಗ ದುಡ್ಡಿಲ್ಲ. 2025ರಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯ್ತು, ಬೆಂಗಳೂರಿನ ಟೀಮೂ ಉಂಟು, ಆದ್ರೆ ಆಡಿದ್ದು ಗಂಡಸರು. ಅದೂ ಅಲ್ಲದೆ ಈ ಆಟದಲ್ಲಿ ಮೂವತ್ತು ದಾಟಿ ಆಡುವವರು ಕಮ್ಮಿ, ಆದ್ದರಿಂದ ಡಿಗ್ರಿ ಬಿಡುವ ಮಾತೇ ಇಲ್ಲ. ಆದ್ರೆ ದಾರಿಯೇ ಇಲ್ಲ ಅಂತಲೂ ಇಲ್ಲ. ಬಿಹಾರದ ಸ್ವೀಟಿ ಕುಮಾರಿ ಮೊದಲು ಓಟಗಾರ್ತಿ, ಆಮೇಲೆ ರಗ್ಬಿಗೆ ಬಂದು ಇಂಡಿಯಾಕ್ಕೆ ಆಡಿದ್ಲು. ಒಡಿಶಾದ ಸುಮಿತ್ರಾ ನಾಯಕ್ 2019ರಲ್ಲಿ ಸಿಂಗಾಪುರದ ಮೇಲೆ ಒದ್ದ ಪೆನಾಲ್ಟಿಯಿಂದಲೇ ನಮ್ಮ ಹೆಂಗಸರು ಹದಿನೈದು ಜನರ ರಗ್ಬಿಯಲ್ಲಿ ಮೊದಲ ಸಲ ಗೆದ್ದದ್ದು. 2022ರಲ್ಲಿ ಜಕಾರ್ತಾದಲ್ಲಿ ಏಷ್ಯಾ ಸೆವೆನ್ಸ್ ಟ್ರೋಫಿಯಲ್ಲಿ ಬೆಳ್ಳಿಯೂ ಬಂತು. ಸ್ವೀಟಿ, ಸುಮಿತ್ರಾ ಇಬ್ಬರೂ ದೊಡ್ಡ ಸಿಟಿಯ ಕ್ಲಬ್ಬಿನ ಮಕ್ಕಳಲ್ಲ ಅಕ್ಕ, ನಮ್ಮಂತ ಹಳ್ಳಿಯವರು.

ಇನ್ನು ಕೇರಳವಾ ಕರ್ನಾಟಕವಾ ಅಂತ. ಕಾಸರಗೋಡಿನ ಪೆರ್ಲದಲ್ಲಿ ಮನೆ, ಆಧಾರು ರೇಷನ್ ಕಾರ್ಡು ಎಲ್ಲ ಕೇರಳದ್ದು, ಸೆಲೆಕ್ಟ್ ಮಾಡಿದ್ದು ಕೇರಳದವರು, ಮತ್ತೆ ಎಂತಕ್ಕೆ ಈಗ ಕಾಲೇಜು ಬದಲಿಸಿ ಒಂದು ವರ್ಷ ಹಾಳು ಮಾಡುದು? ಕನ್ನಡ ಮೀಡಿಯಂ ಹುಡುಗಿ, ತಿರುವನಂತಪುರದಲ್ಲಿ ಮಲಯಾಳ ಮಾತಾಡ್ಲಿಕ್ಕೆ ಕಷ್ಟ ಆದೀತು ಅಂತ ನೀನು ಹೇಳಿದ್ದಿ, ಬಸ್ಸಲ್ಲಿ ಅಂಗಡಿಯಲ್ಲಿ ಅವಳು ಮಾತಾಡುದು ನಾನು ಕೇಳಿದ್ದೇನೆ, ಸಾಕು ಅಷ್ಟು, ಉಳಿದದ್ದು ಹಾಸ್ಟೆಲಲ್ಲಿ ವಾರದೊಳಗೆ ಬರ್ತದೆ. ಸಂಜೆ ಕಾಸರಗೋಡಲ್ಲಿ ಮಾವೇಲಿ ರೈಲು ಹತ್ತಿದ್ರೆ ಬೆಳಿಗ್ಗೆ ಅಲ್ಲಿ. ಮೊದಲ ಸಲ ಭಾವ ಒಟ್ಟಿಗೆ ಹೋಗಿ ಉಳಿಯುವ ಜಾಗ ನೋಡಿ ಬರ್ಲಿ, ಹುಡುಗಿಯರಿಗೆ ಲೇಡಿ ವಾರ್ಡನ್ ಉಂಟಾ, ಫಿಸಿಯೋ ಯಾರು ಅಂತ ಬಾಯಿ ಬಿಟ್ಟು ಕೇಳ್ಲಿ, ಸರಿ ಕಾಣದಿದ್ರೆ ಅಲ್ಲಿಂದಲೇ ಕರ್ಕೊಂಡು ಬರ್ಲಿ, ಆಗ ನಾನು ಒಂದು ಮಾತೂ ಆಡುದಿಲ್ಲ.

ಅಡಿಕೆ ಕೊಯ್ಲಿನ ಟೈಮಲ್ಲಿ ಭಾವ ತೋಟ ಬಿಟ್ಟು ಹೋಗ್ಲಿಕ್ಕೆ ಕಷ್ಟ ಅಂತ ಗೊತ್ತುಂಟು. ಆ ಎರಡು ದಿನಕ್ಕೆ ಪುತ್ತೂರಿನಿಂದ ಅಣ್ಣ ಬಂದು ನಿಲ್ಲಲಿ, ನಾನು ಅವನಿಗೆ ಬೇರೆ ಫೋನ್ ಮಾಡ್ತೇನೆ. ಫಾರ್ಮಿಗೆ ಸೈನ್ ಹಾಕುವ ಮೊದಲು ಫೋಟೋ ತೆಗೆದು ಕಳಿಸು, ಮಲಯಾಳದಲ್ಲಿ ಉಂಟು ಅಂತಿದ್ದಿ, ರೂಮಿನವರ ಹತ್ರ ಓದಿಸಿ ರಾತ್ರಿಯೇ ಹೇಳ್ತೇನೆ. ಪುಟ್ಟಿಯ ಬೂಟಿನ ನಂಬರೂ ಹಾಕು.

ನಿನ್ನ ತಮ್ಮ