ಆ್ಯಪ್‌ಗಳು ಒಂದಾಗುವ ಮೊದಲು ನಮ್ಮನ್ನೂ ಒಂದು ಮಾತು ಕೇಳಿ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರ.

ನೀವು ಹಣಕಾಸು ಸಚಿವರು ಅಂತ ಎಲ್ಲರಿಗೂ ಗೊತ್ತು. ಕಾರ್ಪೊರೇಟ್ ವ್ಯವಹಾರಗಳ ಖಾತೆಯೂ ನಿಮ್ಮದೇ. ರಾಜ್ಯಸಭೆಗೆ ನೀವು ಹೋಗಿರುವುದು ನಮ್ಮ ಕರ್ನಾಟಕದಿಂದ. ಅದಕ್ಕೇ ಈ ಪತ್ರ ನಿಮಗೆ.

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಅತ್ತೆ ರೊಟ್ಟಿ ಬಡಿಯುತ್ತಾರೆ, ಗಲ್ಲಾ ಮತ್ತು ಪಾರ್ಸೆಲ್ ನಾನು ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಗೆ ಊಟ ತಲುಪಿಸುವ ಒಂದು ಆ್ಯಪ್‌ನಲ್ಲಿ ನಮಗೆ ಒಳ್ಳೆ ಹೆಸರು ಬಂದಿತ್ತು. "ರೊಟ್ಟಿ ಬಿಸಿಯಾಗೇ ಬಂತು, ಊರು ನೆನಪಾಯಿತು" ಅಂತ ಯಾರೋ ಗಿರಾಕಿ ಬರೆದಿದ್ದರು. ಅತ್ತೆ ಅದನ್ನು ಮಗನಿಂದ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಆ ಆ್ಯಪ್ ಇನ್ನೊಂದು ಕಂಪನಿಯ ಪಾಲಾಯಿತು. ಒಂದು ಬೆಳಿಗ್ಗೆ ಲಾಗಿನ್ ಆಗಲೇ ಇಲ್ಲ. ರೇಟಿಂಗ್, ಗಿರಾಕಿಗಳು ಬರೆದದ್ದು, ಎಲ್ಲಾ ಹೋಯಿತು. ಹೊಸ ಆ್ಯಪ್‌ನ ಲೆಕ್ಕದಲ್ಲಿ ನಾವು ನಿನ್ನೆ ಬಾಗಿಲು ತೆರೆದ ಅಂಗಡಿ. ಪಟ್ಟಿಯಲ್ಲಿ ಮೇಲೆ ಕಾಣಬೇಕಾದರೆ ಜಾಹೀರಾತಿಗೆ ದುಡ್ಡು ಕಟ್ಟಿ ಅಂದರು. ಕಟ್ಟಿದೆವು.

ಇಂಥ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆ ಅಂತ ಅವತ್ತಿನಿಂದ ಓದುತ್ತಾ ಬಂದಿದ್ದೇನೆ. 2015ರಲ್ಲಿ ಓಲಾ ತನ್ನ ಎದುರಾಳಿ ಟ್ಯಾಕ್ಸಿಫಾರ್‌ಶೂರನ್ನು ಕೊಂಡಿತು, ಮರುವರ್ಷ ಅದನ್ನು ಮುಚ್ಚಿತು. 2020ರ ಜನವರಿಯಲ್ಲಿ ಉಬರ್ ಈಟ್ಸ್‌ನ ಭಾರತದ ವ್ಯವಹಾರ ಜೊಮ್ಯಾಟೊಗೆ ಹೋಯಿತು. ಬದಲಿಗೆ ಉಬರ್‌ಗೆ ಜೊಮ್ಯಾಟೊದಲ್ಲಿ ಶೇ 9.99 ಪಾಲು ಸಿಕ್ಕಿತು. ಓಲಾ, ಉಬರ್ ರಸ್ತೆಯಲ್ಲಿ ಜಿದ್ದಿಗೆ ಬಿದ್ದಿದ್ದವು ನಿಜ, ಆದರೆ ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕಿನ ದುಡ್ಡು ಎರಡರಲ್ಲೂ ಇತ್ತು. ಸ್ನ್ಯಾಪ್‌ಡೀಲನ್ನು ಫ್ಲಿಪ್‌ಕಾರ್ಟ್‌ಗೆ ಸೇರಿಸಲು ಓಡಾಡಿದ್ದೂ ಅದೇ ಸಾಫ್ಟ್‌ಬ್ಯಾಂಕ್. ತಿಂಗಳುಗಟ್ಟಲೆ ಎಳೆದಾಡಿದ ಆ ಮಾತುಕತೆ 2017ರ ಜುಲೈನಲ್ಲಿ ಮುರಿದುಬಿತ್ತು. ಇವತ್ತಿನ ವೈರಿ ನಾಳೆ ಬೀಗ. ನೆಂಟಸ್ತಿಕೆ ಅವರವರಲ್ಲಿ ಕುದುರುತ್ತದೆ, ಮನೆ ಖಾಲಿ ಮಾಡಬೇಕಾದವರು ನಾವು.

ಬೇರೆ ಕಡೆ ಏನು ಮಾಡಿದರು ನೋಡಿ. 2018ರಲ್ಲಿ ಉಬರ್ ತನ್ನ ಆಗ್ನೇಯ ಏಷ್ಯಾದ ವ್ಯವಹಾರವನ್ನು ಅಲ್ಲಿನ ಟ್ಯಾಕ್ಸಿ ಆ್ಯಪ್ ಗ್ರ್ಯಾಬ್‌ಗೆ ಬಿಟ್ಟುಕೊಟ್ಟು, ಅಲ್ಲೂ ಹೀಗೇ ಪಾಲು ತೆಗೆದುಕೊಂಡಿತು. ಕಂಪನಿಗಳ ಪೈಪೋಟಿ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಸಿಂಗಪುರದ ಸ್ಪರ್ಧಾ ಆಯೋಗ ಇಬ್ಬರಿಗೂ ಸೇರಿ ಸುಮಾರು 1.3 ಕೋಟಿ ಸಿಂಗಪುರ ಡಾಲರ್ ದಂಡ ಹಾಕಿತು. ಚಾಲಕರನ್ನು ಗ್ರ್ಯಾಬ್ ಒಂದಕ್ಕೇ ಕಟ್ಟಿಹಾಕುವಂತಿಲ್ಲ ಅಂತಲೂ ಹೇಳಿತು. ಅಂದರೆ ಚಾಲಕರ ಕಡೆಯಿಂದಲೂ ನೋಡಿದರು, ಅಲ್ವಾ?

ನಮ್ಮಲ್ಲೂ ಒಂದು ಒಳ್ಳೆ ಕೆಲಸ ಆಗಿದೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಲು ಒಪ್ಪಿಗೆ ಬೇಕಾ ಅಂತ ತೀರ್ಮಾನಿಸುವಾಗ ಮೊದಲು ಆಸ್ತಿ ಎಷ್ಟು, ವಹಿವಾಟು ಎಷ್ಟು ಅಂತಷ್ಟೇ ನೋಡುತ್ತಿದ್ದರು. ಇಂಟರ್ನೆಟ್ ಕಂಪನಿಗೆ ಗೋಡೌನು, ಯಂತ್ರ ಜಾಸ್ತಿ ಇರುವುದಿಲ್ಲ. ನಮ್ಮಂಥವರು ಮತ್ತು ನಮ್ಮ ಗಿರಾಕಿಗಳೇ ಅದರ ಆಸ್ತಿ. 2024ರ ಸೆಪ್ಟೆಂಬರ್‌ನಿಂದ ಖರೀದಿಯ ಬೆಲೆಯನ್ನೂ ನೋಡುತ್ತಾರೆ. ಭಾರತದಲ್ಲಿ ದೊಡ್ಡ ವ್ಯವಹಾರ ಇರುವ ಕಂಪನಿಯನ್ನು 2,000 ಕೋಟಿ ರೂಪಾಯಿಗಿಂತ ಹೆಚ್ಚು ಕೊಟ್ಟು ಕೊಳ್ಳುವುದಾದರೆ ನಮ್ಮ ದೇಶದ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು. ಇದನ್ನು ತಂದದ್ದಕ್ಕೆ ಮನಸಾರೆ ಧನ್ಯವಾದ.

ಆ ಒಪ್ಪಿಗೆ ಕೊಡುವಾಗ ಒಂದು ಷರತ್ತು ಸೇರಿಸಿ, ಮೇಡಂ. ಆ್ಯಪ್ ಕೈ ಬದಲಾಯಿಸುವ ಅಥವಾ ಮುಚ್ಚುವ ಎರಡು ತಿಂಗಳ ಮೊದಲೇ ನಮಗೆ ಹೇಳಬೇಕು. ನಾವು ಗಳಿಸಿದ ರೇಟಿಂಗ್, ಗಿರಾಕಿಗಳ ಮಾತು ನಮ್ಮ ಜೊತೆ ಬರಬೇಕು. ಫೋನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ ನಮ್ಮ ದೇಶದಲ್ಲಿ 2011ರಿಂದಲೇ ಇದೆ. ಹತ್ತು ಅಂಕಿಗೆ ಆಗುವುದಾದರೆ ಅತ್ತೆಯ ದುಡಿಮೆಗೆ ಯಾಕೆ ಆಗಬಾರದು?

ದೊಡ್ಡ ವಿಲೀನಗಳ ಬಗ್ಗೆ ಜನರ ಅಭಿಪ್ರಾಯ ಕೇಳುವ ದಾರಿ ಕಾಯ್ದೆಯಲ್ಲೇ ಇದೆ. ಊಟದ ಆ್ಯಪ್‌ಗಳ ವಿಷಯ ಆಯೋಗದ ಮುಂದೆ ಬಂದಾಗ ಆ ಪ್ರಕಟಣೆ ಕನ್ನಡದಲ್ಲೂ ಬರಲಿ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲಾದಲ್ಲೇ ಕೂತು ಉತ್ತರ ಬರೆದು ಕಳಿಸುತ್ತೇನೆ.

ಇತಿ,
ವಿಜಯನಗರದ ಒಂದು ಖಾನಾವಳಿಯಿಂದ